ಸೆಂಟ್‌ಓಎಸ್ 7ರಿಂದ ಆಲ್ಮಾಲಿನಕ್ಸ್ 8ಕ್ಕೆ: ಸರ್ವರ್ ಕೆಡದಂತೆ ದಾಟಿಸುವುದು

ಸರ್ವರ್‌ಗಳಲ್ಲಿ ಬಳಸುವ ಉಚಿತ ಲಿನಕ್ಸ್ ಆದ ಸೆಂಟ್‌ಓಎಸ್ 7ಕ್ಕೆ ಪ್ಯಾಚ್ (ದೋಷ ತಿದ್ದುಪಡಿ) ಬರುವುದು 2024ರ ಜೂನ್ 30ಕ್ಕೆ ನಿಂತಿತು. ಆ ಗಡುವು ಮೊದಲೇ ಗೊತ್ತಿತ್ತು. ನಂಬಿಕೆ ಮುರಿದದ್ದು ಸೆಂಟ್‌ಓಎಸ್ 8ರಲ್ಲಿ: 2029ರವರೆಗೆ ಬಾಳಿಕೆ ಬರುತ್ತದೆಂದು ಹಾಕಿಕೊಂಡವರಿಗೆ, 2021ರ ಕೊನೆಗೇ ಮುಗಿಯುತ್ತದೆ ಎಂದು 2020ರ ಡಿಸೆಂಬರ್‌ನಲ್ಲಿ ತಿಳಿಸಲಾಯಿತು. ಕೋಡ್ ಎಲ್ಲರದೂ ಆಗಿತ್ತು, ಹೆಸರು ಮಾತ್ರ ರೆಡ್ ಹ್ಯಾಟ್ ಕಂಪನಿಯದು. ಹಾಗಾಗಿ ಬದಲಿ ಆರಿಸುವಾಗ ಟ್ರೇಡ್‌ಮಾರ್ಕ್ ಯಾರದು, ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂದು ಮೊದಲು ನೋಡಿ. ಆಲ್ಮಾಲಿನಕ್ಸನ್ನು (ಮುಂದೆ ಆಲ್ಮಾ) ಕ್ಲೌಡ್‌ಲಿನಕ್ಸ್ ಕಂಪನಿ ಶುರುಮಾಡಿದರೂ ಈಗ ಅದು ಲಾಭರಹಿತ ಫೌಂಡೇಶನ್ ಕೈಯಲ್ಲಿದೆ. ನಮ್ಮ ಆಯ್ಕೆ ಅದೇ.

ಒಂದು ಎಚ್ಚರಿಕೆ. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಸಾರ್ವಜನಿಕ ಸೋರ್ಸನ್ನು ಸೆಂಟ್‌ಓಎಸ್ ಸ್ಟ್ರೀಮ್‌ಗೆ (ರೆಡ್ ಹ್ಯಾಟ್ ಲಿನಕ್ಸಿಗಿಂತ ತುಸು ಮುಂದೆ ಸಾಗುವ ಆವೃತ್ತಿ) ಸೀಮಿತಗೊಳಿಸಿದ ಮೇಲೆ, ಆಲ್ಮಾ ರೆಡ್ ಹ್ಯಾಟ್ ಲಿನಕ್ಸಿನ ಪಡಿಯಚ್ಚಾಗುವ ಗುರಿ ಬಿಟ್ಟು ಬೈನರಿ ಹೊಂದಾಣಿಕೆಯನ್ನಷ್ಟೇ (ಅಲ್ಲಿ ಓಡುವ ಪ್ರೋಗ್ರಾಂ ಇಲ್ಲೂ ಓಡುವುದು) ಕಾಯ್ದುಕೊಳ್ಳುತ್ತಿದೆ. ನಿಮ್ಮ ಸಾಫ್ಟ್‌ವೇರ್ ಮಾರಿದವರು ರೆಡ್ ಹ್ಯಾಟ್‌ಗೆ ಮಾತ್ರ ಸಪೋರ್ಟ್ ಕೊಡುವುದಾದರೆ ಅವರನ್ನು ಮೊದಲೇ ಕೇಳಿ.

ಈಗ ಕೆಲಸ. ಮೊದಲು ಇಡೀ ಡಿಸ್ಕಿನ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ), ಜೊತೆಗೆ ಡೇಟಾಬೇಸ್‌ನ ಪ್ರತ್ಯೇಕ ಡಂಪ್ (ಫೈಲಿಗೆ ಹೊರತೆಗೆದ ಡೇಟಾ) ತೆಗೆಯಿರಿ. ಡಂಪ್ ಬಿಡಲೇಬೇಡಿ: 7ರ ಪೋಸ್ಟ್‌ಗ್ರೆಸ್ ಡೇಟಾಬೇಸ್ 9.2ರ ಫೈಲುಗಳನ್ನು 8ರಲ್ಲಿ ಬರುವ 10ನೇ ಆವೃತ್ತಿ ನೇರವಾಗಿ ತೆರೆಯುವುದಿಲ್ಲ. ಖಾಲಿ ಜಾಗ ಕನಿಷ್ಠ 5 ಜಿಬಿ ಇರಲಿ.

ಪ್ಯಾಕೇಜ್ ಹಾಕುವ ಸಾಧನವಾದ ಯಮ್‌ನ ಅಪ್‌ಡೇಟ್ ಆಜ್ಞೆ ಕೊಟ್ಟರೆ ಮಿರರ್‌ಲಿಸ್ಟ್ ಹೋಸ್ಟ್ ಸಿಗುತ್ತಿಲ್ಲ ಎಂಬ ದೋಷ ಬರುತ್ತದೆ. ಆ ವಿಳಾಸವೇ ಈಗಿಲ್ಲ. ರೆಪೊ (ಪ್ಯಾಕೇಜ್ ಭಂಡಾರ) ಫೈಲಿನಲ್ಲಿ ಮಿರರ್‌ಲಿಸ್ಟ್ ಸಾಲಿಗೆ ಹ್ಯಾಶ್ ಹಾಕಿ, ಬೇಸ್‌ಯುಆರ್‌ಎಲ್ ಸಾಲನ್ನು ಹಳೆಯ ಆವೃತ್ತಿಗಳ ಸಂಗ್ರಹವಾದ ಸೆಂಟ್‌ಓಎಸ್ ವಾಲ್ಟ್‌ನ 7.9.2009 ಫೋಲ್ಡರಿಗೆ ತಿರುಗಿಸಿ. ಪೂರ್ತಿ ಅಪ್‌ಡೇಟ್ ಮಾಡಿ ರೀಬೂಟ್ ಮಾಡಿ. ನಂತರ ಆಲ್ಮಾದ ಎಲಿವೇಟ್ (ಆವೃತ್ತಿ ದಾಟಿಸುವ ಯೋಜನೆ) ರೆಪೊ ಸೇರಿಸಿ, ದಾಟಿಸುವ ಕೆಲಸ ಮಾಡುವ ಸಾಧನವಾದ ಲೀಪ್‌ನ ಅಪ್‌ಗ್ರೇಡ್ ಪ್ಯಾಕೇಜನ್ನೂ ಆಲ್ಮಾದ ಲೀಪ್ ಡೇಟಾ ಪ್ಯಾಕೇಜನ್ನೂ ಹಾಕಿ, ಲೀಪ್ ಪ್ರಿಅಪ್‌ಗ್ರೇಡ್ ಓಡಿಸಿ.

ಇದು ಏನನ್ನೂ ಬದಲಿಸದೆ ವರದಿ ಕೊಡುತ್ತದೆ. ಅದರಲ್ಲಿ ಇನ್‌ಹಿಬಿಟರ್ (ಅಪ್‌ಗ್ರೇಡ್ ತಡೆಯುವ ಅಡ್ಡಿ) ಎಂದಿರುವುದೆಲ್ಲ ತೀರಲೇಬೇಕು. ಪದೇಪದೇ ಸಿಗುವವು: ಪಾಟಾ ಎಸಿಪಿಐ ಕರ್ನೆಲ್ ಮಾಡ್ಯೂಲ್ (ಆರ್‌ಎಂಮಾಡ್‌ನಿಂದ ಇಳಿಸಿ), ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸೇವೆ) ಸಂರಚನೆಯಲ್ಲಿ ರೂಟ್ ಲಾಗಿನ್ ಬಗ್ಗೆ ಸ್ಪಷ್ಟ ಸಾಲಿಲ್ಲದಿರುವುದು, ಪ್ಯಾಮ್ ಪಿಕೆಸಿಎಸ್11 ಎಂಬ ಲಾಗಿನ್ ಮಾಡ್ಯೂಲ್ ತೆಗೆಯಲು ಒಪ್ಪಿಗೆ (ಆನ್ಸರ್ ಫೈಲಿನಲ್ಲಿ ಟ್ರೂ ಎಂದು ಬರೆಯಿರಿ). ಈಥ್0, ಈಥ್1 ಎಂದು ಎರಡು ನೆಟ್‌ವರ್ಕ್ ಕಾರ್ಡುಗಳಿದ್ದರೂ ಅಡ್ಡಿ, ಏಕೆಂದರೆ ಹೊಸ ಕರ್ನೆಲ್ ಹೆಸರುಗಳನ್ನು ಅದಲುಬದಲು ಮಾಡಬಹುದು. ಮೊದಲೇ ಬೇರೆ ಹೆಸರಿಡಿ. ವರದಿ ಶುದ್ಧವಾಗುವವರೆಗೆ ಮತ್ತೆ ಮತ್ತೆ ಓಡಿಸಿ.

ಲೀಪ್ ಅಪ್‌ಗ್ರೇಡ್ ಕೊಟ್ಟು ರೀಬೂಟ್ ಮಾಡಿದಾಗ ಗ್ರಬ್ ಎಂಬ ಬೂಟ್ ಮೆನುವಿನಲ್ಲಿ ಎಲಿವೇಟ್ ಸಾಲು ತಾನಾಗಿ ಆಯ್ಕೆಯಾಗುತ್ತದೆ. ಆ ಹೊತ್ತು ಎಸ್‌ಎಸ್‌ಎಚ್ ಇರುವುದಿಲ್ಲ. ಕನ್ಸೋಲ್ (ಯಂತ್ರದ ನೇರ ಪರದೆ-ಕೀಲಿಮಣೆ) ಪ್ರವೇಶ ಇಲ್ಲದೆ ಈ ಹೆಜ್ಜೆ ಇಡಲೇಬೇಡಿ. ಸತ್ತಿದೆಯೆಂದು ನಡುವೆ ಪವರ್ ತೆಗೆದರೆ ಅರ್ಧ 7, ಅರ್ಧ 8 ಆದ ಯಂತ್ರ ಉಳಿಯುತ್ತದೆ.

ಮೇಲೆದ್ದ ನಂತರ ಆರ್‌ಪಿಎಂ (ಹಾಕಿರುವ ಪ್ಯಾಕೇಜ್‌ಗಳ) ಪಟ್ಟಿಯಲ್ಲಿ ಇಎಲ್7 ಎಂಬ ಬಾಲವಿರುವ, ಅಂದರೆ 7ರಿಂದ ಉಳಿದ ಪ್ಯಾಕೇಜ್‌ಗಳನ್ನು ಹುಡುಕಿ ಒಂದೊಂದಾಗಿ ತೆಗೆಯಿರಿ. ಯಮ್‌ನ ಜಾಗಕ್ಕೆ 8ರಲ್ಲಿ ಬಂದ ಡಿಎನ್‌ಎಫ್ ಸಂರಚನೆಯ ಎಕ್ಸ್‌ಕ್ಲೂಡ್ ಸಾಲಿನಲ್ಲಿ ಲೀಪ್ ಹೆಸರುಗಳು ಕೂತಿರುತ್ತವೆ, ಅದನ್ನು ಅಳಿಸದೆ ಲೀಪ್ ಪ್ಯಾಕೇಜ್‌ಗಳು ಹೋಗುವುದಿಲ್ಲ. ಬರೀ ಪೈಥಾನ್ ಎಂದು ಕರೆಯುವ ಕ್ರಾನ್ (ನಿಗದಿತ ಸಮಯಕ್ಕೆ ತಾನಾಗಿ ಓಡುವ) ಸ್ಕ್ರಿಪ್ಟ್‌ಗಳನ್ನೂ ನೋಡಿ: 8ರಲ್ಲಿ ಆ ಹೆಸರಿನ ಆಜ್ಞೆ ತಾನಾಗಿ ಇರುವುದಿಲ್ಲ, ರಾತ್ರಿಯ ಬ್ಯಾಕಪ್ ಸದ್ದಿಲ್ಲದೆ ನಿಂತಿರಬಹುದು.