ಚಿಗರಿ ಬಸ್ಸಿನ ಮೇಲೆ ಕೈ ಪಳಗಿಸಿ ಚೆನ್ನೈ ರಾತ್ರಿ ರೇಸ್ ಹೊಡೆದೆ

2024ರ ಆಗಸ್ಟ್ ಕೊನೆಗೆ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ನಡೆದ ರಾತ್ರಿ ಕಾರ್ ರೇಸಿನ ಫೋಟೋಗಳನ್ನು 1/40 ಸೆಕೆಂಡಿನ ನಿಧಾನ ಶಟರ್‌ನಲ್ಲಿ ಹೊಡೆದೆ ಅಂದರೆ ಹುಬ್ಬಳ್ಳಿಯ ನಮ್ಮ ಫೋಟೋಗ್ರಾಫರ್ ಗೆಳೆಯರು ನಂಬಲಿಲ್ಲ. ಫೈಲ್ ತೆರೆದು ತೋರಿಸಬೇಕಾಯಿತು. "1/500ಕ್ಕಿಂತ ಕೆಳಗ ಇಳದ್ರ ಬರೀ ಗೆರಿ ಬರ್ತಾವಪಾ" ಅನ್ನೋದು ಎಲ್ಲರ ವಾದ. ಮಾತೆತ್ತಿದರೆ ಸಿಂಗಾಪುರದ ಫೋಟೋ ತೋರಿಸುತ್ತಾರೆ. ಅಲ್ಲಿ 2008ರಿಂದ ಫಾರ್ಮುಲಾ ಒನ್ ರಾತ್ರಿಯೇ ಓಡುತ್ತಿದೆ, ಟ್ರ್ಯಾಕಿನ ಮೇಲೆ ಸುಮಾರು 3,000 ಲಕ್ಸ್ (ಬೆಳಕಿನ ಅಳತೆ) ಬೆಳಕು ಸುರಿಯುತ್ತಾರೆ, 1/1000 ಇಟ್ಟರೂ ನಡೆಯುತ್ತದೆ. ನನ್ನ ಹತ್ತಿರ ಇದ್ದದ್ದು ಮದುವೆಗಳಲ್ಲಿ ಸವೆದ ನಿಕಾನ್ ಡಿ7200, ಜೊತೆಗೆ 70-300 ಲೆನ್ಸ್. ಪೂರ್ತಿ ಎಳೆದರೆ ಎಫ್5.6, ಅಂದರೆ ಒಳಗೆ ಬರುವ ಬೆಳಕು ಕಡಿಮೆ. ಆ ಲೆಕ್ಕದಲ್ಲಿ 1/500 ಬೇಕಂದ್ರೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕನ್ನು ಎತ್ತಿ ತೋರಿಸುವ ಮಟ್ಟ, ಎಂಟು-ಹತ್ತು ಸಾವಿರ ದಾಟುತ್ತದೆ. ಕಾರಿನ ಬಣ್ಣವೆಲ್ಲ ರವೆ ರವೆ.

ಮೊದಲು ಹೆಚ್ಚು ಬೆಳಕು ಒಳಬಿಡುವ 70-200 ಎಫ್2.8 ಲೆನ್ಸ್ ಬಾಡಿಗೆಗೆ ತಂದು ನೋಡಿದೆ. ದಿನಕ್ಕೆ ಸಾವಿರದ ಐನೂರರ ಹತ್ತಿರ, ಡೆಪಾಸಿಟ್ ಬೇರೆ. ವಾಪಸ್ ಕೊಡುವಾಗ ಅಂಗಡಿಯವನು ಹಳೇ ಗೀರು ತೋರಿಸಿ ಎರಡು ಸಾವಿರ ಹಿಡಿದುಕೊಂಡ. ಅಲ್ಲಿಗೆ ಬಾಡಿಗೆ ಸಾಕು ಅನ್ನಿಸಿತು.

ಆಮೇಲೆ ಶುರುವಾಗಿದ್ದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಮೇಲೆ ನಿಧಾನ ಶಟರ್ ಅಭ್ಯಾಸ. ರಾತ್ರಿ ಒಂಬತ್ತರ ಮೇಲೆ ನವನಗರ-ರಾಯಾಪುರ ನಡುವೆ ರಸ್ತೆ ಬದಿ ನಿಲ್ಲುತ್ತಿದ್ದೆ. ಬಸ್ಸಿಗೇ ಮೀಸಲಾದ ಬಿಆರ್‌ಟಿಎಸ್ ಲೇನ್ ನೇರ, ಅಡ್ಡ ಬರುವವರಿಲ್ಲ, ಸ್ಟಾಪ್ ಬಿಟ್ಟು ಓಡುವ ಬಸ್ಸಿಗೆ ಒಳ್ಳೇ ಸ್ಪೀಡ್. "ಏನ್ರೀ, ಮದುವಿ ಆರ್ಡರ್ ನಿಂತಾವೇನ್ರಿ, ಬಸ್ಸಿನ ಫೋಟೋ ಹೊಡಿಯಾಕ ಹತ್ತೀರಲ್ಲ" ಅಂತ ಗಿರ್ಮಿಟ್ ಗಾಡಿಯವರು ಕೇಳುತ್ತಿದ್ದರು. ವಾರಗಟ್ಟಲೆ ಬಂದದ್ದು ಬರೀ ಕಲಸಿದ ಚಿತ್ರ. ಬಸ್ ಉದ್ದ, ಮುಂಭಾಗ ಚೂಪಾದರೆ ಹಿಂಭಾಗ ಕರಗುತ್ತದೆ. ಬಾಗಿಲ ಪಕ್ಕದ ಒಂದೇ ಅಕ್ಷರಕ್ಕೆ ಕಣ್ಣು ಕಟ್ಟಿ ಸೊಂಟದಿಂದ ತಿರುಗಿದ ಮೇಲೆ ಹತ್ತರಲ್ಲಿ ಒಂದು, ಆಮೇಲೆ ಮೂರು ನಿಲ್ಲತೊಡಗಿದವು.

ಅಲ್ಲೇ ಇನ್ನೊಂದು ಗೊತ್ತಾಯಿತು. ಹಿಂದೆ ಕತ್ತಲು ಹೊಲ ಇದ್ದರೆ ಪ್ಯಾನಿಂಗ್, ಅಂದರೆ ಓಡುವ ಬಸ್ಸಿನ ಜೊತೆ ಕ್ಯಾಮೆರಾ ತಿರುಗಿಸುತ್ತ ಹೊಡೆಯೋದು, ಎಷ್ಟೇ ಚೆನ್ನಾಗಿ ಬಂದರೂ ಬಸ್ಸು ನಿಂತ ಹಾಗೇ ಕಾಣುತ್ತದೆ. ಓಟ ಕಾಣಬೇಕಾದರೆ ಹಿಂದೆ ಅಂಗಡಿ ಲೈಟು, ಬೋರ್ಡು ಏನಾದರೂ ಬೇಕು, ಅವೇ ಗೆರೆಯಾಗುವುದು.

ಸುಮ್ನೆ ಬೇರೆ ಪ್ರಯೋಗವೂ ಆಯ್ತು. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಇದೆಯಲ್ಲ, ಜಾಗ ಎಷ್ಟಿದ್ದರೇನು, ರೈಲು ಅಲ್ಲಿ ತೆವಳುತ್ತದೆ, ಉಪಯೋಗವಿಲ್ಲ. ನೃಪತುಂಗ ಬೆಟ್ಟದ ರಸ್ತೆಯಲ್ಲಿ ಗೆಳೆಯನ ಬೈಕಿಗೆ ರಿಯರ್ ಸಿಂಕ್ ಫ್ಲಾಶ್ (ಶಟರ್ ಮುಚ್ಚುವ ಮುಂಚೆ ಮಿಂಚುವ ಫ್ಲಾಶ್) ಹೊಡೆದದ್ದು ಚೆಂದ ಬಂತು. ಆದರೆ ರೇಸ್ ಕಾರು ಓಡಿಸುವವನ ಕಣ್ಣಿಗೆ ಫ್ಲಾಶ್ ಹೊಡೆಯೋಕಾಗುತ್ತಾ?

ಚೆನ್ನೈಗೆ ರೈಲು, ಲಾಡ್ಜ್, ಟಿಕೆಟ್, ಊಟ ಸೇರಿ ಎಂಟು-ಒಂಬತ್ತು ಸಾವಿರ ಹೋಗಿರಬೇಕು. ಶನಿವಾರ ಮಳೆ, ಟ್ರ್ಯಾಕಿಗೆ ಮೋಟಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಒಪ್ಪಿಗೆಯೂ ತಡ, ಸುಮ್ಮನೆ ಕಾದಿದ್ದೇ ಜಾಸ್ತಿ. ಟ್ರ್ಯಾಕ್ ಮೂರೂವರೆ ಕಿಲೋಮೀಟರ್, 19 ತಿರುವು. ನೇರ ದಾರಿ ಬಿಟ್ಟು ನಿಧಾನದ ತಿರುವು ದಾಟಿ ಕಾರು ಎದ್ದು ಹೋಗುವ ಜಾಗ ಹಿಡಿದೆ. ಪಕ್ಕದವರು 1/500ಕ್ಕೆ ಸರಣಿ ಬಾರಿಸುತ್ತಿದ್ದರು. ಎಲ್‌ಇಡಿ ಬೋರ್ಡಿನ ಮೇಲೆ ಪಟ್ಟಿ ಪಟ್ಟಿ, ಕಾರಿನ ಮೇಲೆ ಬೇಲಿಯ ಜಾಲರಿ. ನಾನು 1/40, ಐಎಸ್‌ಒ 800. ಎಲ್‌ಇಡಿ ಬೋರ್ಡು ಕಣ್ಣಿಗೆ ಕಾಣದಷ್ಟು ಬೇಗ ಮಿನುಗುತ್ತದೆ, ಇಷ್ಟು ನಿಧಾನ ಇಟ್ಟರೆ ಆ ಮಿನುಗು ಒಂದಕ್ಕೊಂದು ಸೇರಿ ಪಟ್ಟಿ ಮಾಯ. ಕ್ಯಾಮೆರಾ ತಿರುಗುತ್ತಿರುವುದರಿಂದ ಬೇಲಿಯೂ ಅಳಿಸಿ ಹೋಗುತ್ತದೆ, ಸ್ವಲ್ಪ ಮಂಕು ಉಳಿಯುತ್ತದೆ ಅಷ್ಟೇ, ಎಡಿಟಿಂಗ್‌ನಲ್ಲಿ ಎತ್ತಬಹುದು. ಫೋಕಸ್ ಬೇಲಿಗೆ ಕಚ್ಚಿಕೊಳ್ಳದ ಹಾಗೆ ಏನು ಮಾಡಿದೆ ಅನ್ನೋದನ್ನ ಮಾತ್ರ ಸದ್ಯ ಹೇಳಲ್ಲ, ಅದರ ಮೇಲೆ ಇನ್ನೂ ದುಡಿಯಬೇಕು ನಾನು.

ಸಾವಿರಕ್ಕೂ ಹೆಚ್ಚು ಹೊಡೆದು ಉಳಿದದ್ದು ನಲವತ್ತೋ ಐವತ್ತೋ. ಅದರಲ್ಲಿ ಒಂದು ಎಫ್4 (ಫಾರ್ಮುಲಾ ಫೋರ್) ಕಾರು, ಹೆಲ್ಮೆಟ್ಟಿನ ವೈಸರ್ ಮೇಲಿನ ಸ್ಟಿಕರ್ ಓದಬಹುದು, ಚಕ್ರ ಪೂರ್ತಿ ಹೊಗೆಯ ಹಾಗೆ ಕಲಸಿದೆ. ಅದನ್ನೇ ಗೋಕುಲ ರಸ್ತೆಯ ಗ್ಯಾರೇಜಿನವರೊಬ್ಬರು ದೊಡ್ಡ ಪ್ರಿಂಟ್ ಹಾಕಿಸಿಕೊಂಡರು, ಮೂರೂವರೆ ಸಾವಿರ ಕೊಟ್ಟರು. ಖರ್ಚು ಇನ್ನೂ ಹುಟ್ಟಿಲ್ಲ. ಈಗ ಚಿಗರಿ ಮೇಲೆ 1/15 ನಡೆದಿದೆ, ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಹಾಕಿ.