ಹೈಟಿಯ ದಂಗೆಗೆ ಬೇರೆ ದಾರಿ: ಮಲೆನಾಡಿನ ಕತೆಗಾರರಿಗೆ

'ಹಾಗಾಗದೆ ಹೀಗಾಗಿದ್ದರೆ?' ಎಂಬ ಕತೆಯಲ್ಲಿ ಒಂದೇ ಘಟನೆ ಬದಲಿಸಿ. 1791ರ ಆಗಸ್ಟ್‌ನಲ್ಲಿ ಫ್ರೆಂಚರ ವಸಾಹತಾಗಿದ್ದ ಸೇಂಟ್ ಡೊಮಿಂಗ್‌ನ, ಅಂದರೆ ಇಂದಿನ ಹೈಟಿಯ, ಉತ್ತರ ಬಯಲಿನ ಗುಲಾಮರು ತಿರುಗಿಬಿದ್ದದ್ದನ್ನು ಮುಟ್ಟಬೇಡಿ. 1802ರ ಜೂನ್ ಹಿಡಿಯಿರಿ. ಮಾತುಕತೆಗೆಂದು ಕರೆಸಿ ಫ್ರೆಂಚರು ದಂಗೆಯ ನಾಯಕ ಟೂಸಾಂ ಲೂವರ್ತೂರ್‌ನನ್ನು ಸೆರೆಹಿಡಿದದ್ದು ಆಗಲೇ. ಅವನು ಹೋಗಲೇ ಇಲ್ಲ ಅಂತಿಟ್ಟುಕೊಳ್ಳಿ. ಕಾರಣ ಸಣ್ಣದಿದ್ದಷ್ಟೂ ಓದುಗ ನಂಬುತ್ತಾನೆ.

ಸೊಳ್ಳೆಯನ್ನು ಮಾತ್ರ ಬದಲಿಸಲಾಗದು. ಫ್ರೆಂಚ್ ಸೇನೆಯನ್ನು ಕೊಂದ ಹಳದಿ ಜ್ವರ ಹರಡುವುದು, ಇಂದು ಶಿವಮೊಗ್ಗದಲ್ಲಿ ಡೆಂಗಿ ತರುವ ಈಡಿಸ್ ಸೊಳ್ಳೆಯಿಂದಲೇ. ಅದು ಬೆಳೆಯುವುದು ಮನೆ, ಹಡಗುಗಳ ತುಂಬಿಟ್ಟ ನೀರಿನಲ್ಲಿ. ಆದ್ದರಿಂದ ಸೈನಿಕರನ್ನು ಬಂದರಿನಲ್ಲೇ ಕಾಯಿಲೆ ಬೀಳಿಸಿ. ಬೆಟ್ಟದ ತುದಿಯಲ್ಲಿ ಸಾಯಿಸಿದರೆ ಕತೆ ಕೆಡುತ್ತದೆ. ಫ್ರೆಂಚ್ ದಂಡನಾಯಕ ಲೆಕ್ಲೇರ್ ಅದೇ ವರ್ಷದ ನವೆಂಬರ್‌ನಲ್ಲಿ ಜ್ವರದಿಂದ ಸತ್ತ, ಅವನನ್ನು ಉಳಿಸಬೇಡಿ.

ಬೆಳೆಯ ಲೆಕ್ಕ ಇನ್ನೂ ಮುಖ್ಯ. ಆಲೆಮನೆ ಕಂಡವರಿಗೆ ಗೊತ್ತು, ಕಡಿದ ಕಬ್ಬು ಕಾಯುವುದಿಲ್ಲ. ಒಂದೆರಡು ದಿನದಲ್ಲಿ ಅರೆಯದಿದ್ದರೆ ರಸ ಹುಳಿಯಾಗಿ ಹರಳುಗಟ್ಟದು. ಅದಕ್ಕೇ ಸುಗ್ಗಿಯಲ್ಲಿ ಗುಲಾಮರನ್ನು ಹಗಲುರಾತ್ರಿ ದುಡಿಸುತ್ತಿದ್ದರು. ಗಾಣವೂ ಕೊಪ್ಪರಿಗೆಯೂ ಹಾಳಾದರೆ ನಿಂತ ಕಬ್ಬೂ ದಂಡ. ಕಾಫಿ ಹಾಗಲ್ಲ: ಗುಡ್ಡದ ಸಣ್ಣ ತುಂಡಿನಲ್ಲೂ ಬೆಳೆಯುತ್ತದೆ, ಒಣಗಿಸಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ, ಹೇಸರಗತ್ತೆಯ ಮೇಲೆ ಸಾಗಿಸಬಹುದು. ಬಿಡುಗಡೆಯಾದ ಮೇಲೆ ಸಕ್ಕರೆ ಕುಸಿದು ಕಾಫಿ ಉಳಿದದ್ದು ಹೀಗೆ. ನಿಮ್ಮ ಪರ್ಯಾಯ ಹೈಟಿಯಲ್ಲೂ ಸಕ್ಕರೆ ಬೇಕೆಂದರೆ ಜನರನ್ನು ಮತ್ತೆ ತೋಟಕ್ಕೆ ಅಟ್ಟುವವರು ಯಾರೆಂದು ಹೇಳಲೇಬೇಕು.

ಹೆಚ್ಚಿನ ಕತೆಗಳು ಬಾವುಟ ಏರಿಸಿ ನಿಲ್ಲುವುದು ಇಲ್ಲೇ, ಇದು ದೊಡ್ಡ ದೋಷ. ಟೂಸಾಂ ತಾನೇ 1800ರಲ್ಲಿ ಕೂಲಿಗಳನ್ನು ಸೇನಾ ಶಿಸ್ತಿನಡಿ ತೋಟಗಳಿಗೆ ಕಟ್ಟಿಹಾಕಿದ. ಅವರಿಗೆ ಸಿಗುತ್ತಿದ್ದದ್ದು ಫಸಲಿನ ಕಾಲು ಪಾಲು. ಅವರಿಗೆ ಬೇಕಿದ್ದದ್ದು ಸ್ವಂತ ನೆಲ. ಆ ಕಾಲು ಪಾಲನ್ನು ತೂಗುವ ದೃಶ್ಯ ಬರೆಯಿರಿ: ತಕ್ಕಡಿ ಯಾರದು, ಕಲ್ಲು ಯಾರದು, ಚೀಲದ ತೂಕ ಕಳೆಯುತ್ತಾರೋ ಇಲ್ಲವೋ. 1951ರ ಕಾಗೋಡು ಸತ್ಯಾಗ್ರಹದಲ್ಲೂ ಗೇಣಿ ಅಳೆಯುವ ಕೊಳಗದ್ದೇ ಜಗಳ. ಅದನ್ನು ಬಲ್ಲ ಸಾಗರದ ಕಡೆಯವರು ಈ ದೃಶ್ಯವನ್ನು ಬೇರೆಯವರಿಗಿಂತ ಚೆನ್ನಾಗಿ ಬರೆಯಬಲ್ಲರು.

ಕೊನೆಗೆ ಸಾಲ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ ತನ್ನ ತೋಟದ ಮಾಲೀಕರ ನಷ್ಟಕ್ಕೆಂದು 15 ಕೋಟಿ ಫ್ರಾಂಕ್ ಪರಿಹಾರ ಹೇರಿತು. 1838ರಲ್ಲಿ ಅದು 9 ಕೋಟಿಗೆ ಇಳಿಯಿತು. ಟೂಸಾಂ ಬದುಕಿದ ಮಾತ್ರಕ್ಕೆ ಇದು ತಪ್ಪದು, ಹೈಟಿಗೆ ನೌಕಾಪಡೆಯೋ ಬಲವಾದ ಮಿತ್ರರೋ ಬೇಕು. ಅಮೆರಿಕ 1862ರವರೆಗೆ ಮಾನ್ಯತೆಯನ್ನೇ ಕೊಡಲಿಲ್ಲ. ಬ್ರಿಟನ್‌ಗೆ ಜಮೈಕಾದಲ್ಲಿ ತನ್ನದೇ ಗುಲಾಮರಿದ್ದರು. ಮಿತ್ರರನ್ನು ಸರ್ಕಾರಗಳಲ್ಲಿ ಹುಡುಕುವ ಬದಲು ಕಾಫಿ ಕೊಳ್ಳುವ ವರ್ತಕರಲ್ಲಿ ಹುಡುಕಿ.