ವಾರವಿಡೀ ತೆರೆದ ಬಾಗಿಲು: ಚರ್ಚ್ ಕಟ್ಟಡವನ್ನು ಊರಿನ ಉಪಯೋಗಕ್ಕೆ ತರುವ ಬಗೆ

ಬೀದರ್ ಜಿಲ್ಲೆಯ ನಮ್ಮ ಚರ್ಚು ಭಾನುವಾರದ ಆರಾಧನೆಗೆ ಮೂರು ತಾಸು, ವಾರದ ನಡುವಿನ ಪ್ರಾರ್ಥನಾ ಕೂಟಕ್ಕೆ ಎರಡು ತಾಸು ತೆರೆದಿರುತ್ತಿತ್ತು. ವಾರದ 168 ತಾಸುಗಳಲ್ಲಿ ಉಳಿದ 163 ತಾಸು ಅದಕ್ಕೆ ಕೀಲಿಯೇ. ಇಂಥ ಸ್ಥಿತಿಯಲ್ಲಿ ಹೊಸ ಸಮುದಾಯ ಭವನಕ್ಕೆಂದು ಚಂದಾ ಎತ್ತುವ ಮೊದಲು ಇರುವ ಕಟ್ಟಡವನ್ನೇ ಪೂರ್ತಿ ಬಳಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಒಂದು ತಿಂಗಳು ನೋಂದಣಿ ಪುಸ್ತಕವಿಟ್ಟು, ಯಾವ ಕೋಣೆ ಯಾವ ದಿನ ಎಷ್ಟು ಹೊತ್ತು ಖಾಲಿ ಇರುತ್ತದೆಂದು ಬರೆಯಿರಿ. ಅದೇ ತಿಂಗಳಲ್ಲಿ ಓಣಿಯ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಸರ್ಕಾರಿ ಶಾಲೆಯ ಶಿಕ್ಷಕರು ಮತ್ತು ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಭೇಟಿಯಾಗಿ, ಯಾವ ಕೆಲಸಕ್ಕೆ, ಯಾವ ಹೊತ್ತಿನಲ್ಲಿ ಜಾಗವಿಲ್ಲದೆ ಕಷ್ಟಪಡುತ್ತಿದ್ದಾರೆಂದು ಕೇಳಿ. ಏನು ಕೊಡಬೇಕೆಂದು ಚರ್ಚಿನ ಸಭೆಯವರೇ ಮೊದಲು ನಿಶ್ಚಯಿಸಿಕೊಂಡು ಹೋದರೆ ಊರಿನವರು ಮರ್ಯಾದೆಗೆ ಹೂಂಗುಡುತ್ತಾರೆ, ಆಮೇಲೆ ಯಾರೂ ಬರುವುದಿಲ್ಲ.

ನಮಗೆ ಸಿಕ್ಕ ಉತ್ತರ ಓದುವ ಜಾಗ. ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ಅನೇಕ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತವೆ. ಅಜ್ಜಿಯೊಂದಿಗೆ ಒಂದೇ ಕೋಣೆಯ ಮನೆಯಲ್ಲಿ ಉಳಿಯುವ ಮಗು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಓದಬೇಕಾದದ್ದು ಸರಿಯಾಗಿ ಆ ತಿಂಗಳುಗಳಲ್ಲಿಯೇ. ಅದಕ್ಕೆ ದೊಡ್ಡ ಖರ್ಚೇನೂ ಬೇಡ: ನಾಲ್ಕು ಎಲ್‌ಇಡಿ ದೀಪ, ಕರೆಂಟು ಹೋದಾಗ ನಡೆಯುವ ಒಂದು ಇನ್ವರ್ಟರ್, ಕುಡಿಯುವ ನೀರು, ಹುಡುಗಿಯರಿಗೆ ಒಳಗಿನಿಂದ ಚಿಲಕವಿರುವ ಶೌಚಾಲಯ ಇಷ್ಟಿದ್ದರೆ ಸಂಜೆ ಆರರಿಂದ ಒಂಬತ್ತರವರೆಗೆ ಕೋಣೆ ನಡೆಯುತ್ತದೆ. ನಾವು ಬೆಂಚು ಹಾಕಿದ್ದೆವು. ಮಕ್ಕಳು ಅವನ್ನು ಗೋಡೆಗೆ ಸರಿಸಿ, ತಂಪಾದ ಶಹಾಬಾದ್ ಫರಸಿಯ ಮೇಲೆ ಬೋರಲಾಗಿ ಮಲಗಿ ಗಣಿತ ಬಿಡಿಸುತ್ತಿದ್ದುದನ್ನು ಕಂಡ ಮೇಲೆ ಮುಂದಿನ ವರ್ಷದ ಬೆಂಚಿನ ಹಣವನ್ನು ಪುಸ್ತಕಗಳಿಗೆ ತಿರುಗಿಸಿದೆವು. ಮಕ್ಕಳಿರುವಾಗ ಯಾವಾಗಲೂ ಇಬ್ಬರು ವಯಸ್ಕರಿರಬೇಕು, ಬಾಗಿಲು ತೆರೆದೇ ಇರಬೇಕು. ಈ ನಿಯಮವನ್ನು ಯಾರಿಗಾಗಿಯೂ ಸಡಿಲಿಸಬೇಡಿ.

ಬೇಸಿಗೆಯ ಅಗತ್ಯ ಬೇರೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದುಂಟು. ತಾಲ್ಲೂಕು ಕೇಂದ್ರಕ್ಕೆ ಬಂದ ಹಳ್ಳಿಯ ಮುದುಕರು ಕೆಲಸ ಮುಗಿಸಿ, ಉರಿಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತಾರೆ. ಮಧ್ಯಾಹ್ನ 12ರಿಂದ 4ರವರೆಗೆ ಪಕ್ಕದ ಕೋಣೆಯನ್ನು ತೆರೆದು, ಮಣ್ಣಿನ ರಂಜಣಗಿಯಲ್ಲಿ ನೀರಿಟ್ಟು, ನಾಲ್ಕು ಚಾಪೆ ಹಾಸಿದರೆ ಸಾಕು. ಛಾವಣಿಗೆ ಮಾರ್ಚಿಯಲ್ಲೇ ಬಿಳಿ ಸುಣ್ಣ ಬಳಿಸಿದರೆ ಒಳಗಿನ ಸೆಕೆ ಕಡಿಮೆಯಾಗುತ್ತದೆ. ಮೆಟ್ಟಿಲಿನ ಪಕ್ಕದ ಇಳಿಜಾರನ್ನು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದಂತೆ ಕಟ್ಟಿಸಿದರೆ ಗಾಲಿಕುರ್ಚಿಯವರೂ ಒಳಗೆ ಬರಬಹುದು.

ಬರುವವರ ಧರ್ಮ ಕೇಳಬಾರದು. ಓದಲು ಬಂದ ಮಗುವಿಗಾಗಲಿ, ನೆರಳಿಗೆ ಬಂದ ಮುದುಕರಿಗಾಗಲಿ ಪ್ರಾರ್ಥನೆಯ ಷರತ್ತು ಹಾಕಿದರೆ ಅದು ಸೇವೆಯಾಗದೆ ವ್ಯಾಪಾರವಾಗುತ್ತದೆ, ಓಣಿಯ ವಿಶ್ವಾಸವೂ ಕೈಬಿಡುತ್ತದೆ. ಆರಾಧನೆಯ ಪವಿತ್ರತೆಯನ್ನು ಕಾಯುವುದೂ ಅಷ್ಟೇ ಮುಖ್ಯವಾದ್ದರಿಂದ, ವೇದಿ ಮತ್ತು ಅದರ ಮುಂದಿನ ಜಾಗವನ್ನು ಬೇರೆ ಯಾವ ಕಾರ್ಯಕ್ಕೂ ಕೊಡುವುದಿಲ್ಲವೆಂದು ಸಭೆಯೇ ಕೂಡಿ ನಿರ್ಣಯಿಸಬೇಕು. ಸಭಾಪಾಲಕರೊಬ್ಬರ ಮೇಲೆ ಆ ಭಾರ ಹೊರಿಸಬಾರದು.

ಕಾಗದಪತ್ರದ ವಿಷಯದಲ್ಲಿ ನಾವು ಎಡವಿದ್ದೇವೆ. ಬಾಯಿಮಾತಿನಲ್ಲಿ ಕೋಣೆ ಕೊಟ್ಟು, ಒಂದೇ ದಿನಕ್ಕೆ ಹೊಲಿಗೆ ತರಬೇತಿಯವರೂ ನಾಮಕರಣದವರೂ ಬಂದು ನಿಂತರು. ಎರಡೂ ಕಡೆಯವರು ನಮಗೆ ಬೇಕಾದವರೇ. ಅಂದಿನಿಂದ ಕೀಲಿ ಒಬ್ಬರ ಕೈಯಲ್ಲಿದೆ, ಪುಸ್ತಕದಲ್ಲಿ ಬರೆಯದೆ ಕೋಣೆ ತೆರೆಯುವುದಿಲ್ಲ. ಕಟ್ಟಡದ ಒಡೆತನ ಸಾಮಾನ್ಯವಾಗಿ ಸ್ಥಳೀಯ ಸಭೆಯದಾಗಿರುವುದಿಲ್ಲ. ಕ್ಯಾಥೋಲಿಕರಾದರೆ 2005ರಲ್ಲಿ ರಚನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯದ, ಬೇರೆಯವರು ತಮ್ಮ ಮೇಲಿನ ಆಡಳಿತದ ಲಿಖಿತ ಒಪ್ಪಿಗೆ ಪಡೆಯಲಿ. ಆರಾಧನಾ ಸ್ಥಳಕ್ಕಿರುವ ಆಸ್ತಿ ತೆರಿಗೆಯ ವಿನಾಯಿತಿಗೆ ಬಾಡಿಗೆಯಿಂದ ತೊಡಕಾಗಬಹುದು. ಆದ್ದರಿಂದ ಹಣ ಪಡೆಯುವ ಮೊದಲು ನಗರಸಭೆ ಅಥವಾ ಪಂಚಾಯಿತಿಯಲ್ಲಿ ವಿಚಾರಿಸಿ. ಧ್ವನಿವರ್ಧಕವನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ.

ಕೊನೆಗೆ ಛಾವಣಿಯ ಮಾತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ಛಾವಣಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆಯೆಂದು ಹಿಡಿದು, ಐದರಲ್ಲೊಂದು ಪಾಲು ಪೋಲಾದರೂ 56,000 ಲೀಟರ್ ಸಿಗುತ್ತದೆ. ನೌಬಾದಿನ ಸುರಂಗ ಬಾವಿಯಲ್ಲಿ ನೆಲದಡಿ ನೀರು ಹರಿಸಿದ ಜಿಲ್ಲೆ ನಮ್ಮದು. ಮಾಡಿನ ಅಂಚಿಗೆ ನೀರು ಹರಿಯುವ ದೋಣಿ ಹಾಕಿಸಿ, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಉಳಿದುದನ್ನು ಜರಡಿಯ ಮೂಲಕ ತೊಟ್ಟಿಗೆ ಇಳಿಸಿ. ತೊಟ್ಟಿಯ ನಲ್ಲಿಯನ್ನು ಕಾಂಪೌಂಡಿನ ಹೊರಗೆ, ರಸ್ತೆಯ ಕಡೆಗೆ ಇಡಿಸಿ.